ಮಾನ್ವಿಯಲ್ಲಿ ಮಾಡದ ಲೆಕ್ಕ: ಏಪ್ರಿಲ್ ಬಿಸಿಲಿನ 300 ಕಿ.ಮೀ. ಸೈಕಲ್ ಸವಾರಿಯ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಮೂವರು ಸವಾರರೂ ಬಳ್ಳಾರಿ ಸೀಮೆಯವರು. ಅವರ ಹೆಸರನ್ನೂ ಸವಾರಿ ನಡೆದ ವರ್ಷವನ್ನೂ ಇಲ್ಲಿ ಕೊಟ್ಟಿಲ್ಲ; ದಾರಿಯಲ್ಲಿ ಸಿಗುವ ಒಂದೆರಡು ಸಣ್ಣ ಊರುಗಳನ್ನು ಗುರುತು ಹತ್ತದಂತೆ ಬಿಟ್ಟಿದ್ದೇನೆ. ನಡೆದದ್ದನ್ನು ಮೂವರಿಂದಲೂ ಬೇರೆ ಬೇರೆಯಾಗಿ ಕೇಳಿ, ಸೈಕಲ್ ಮೇಲಿದ್ದ ಜಿಪಿಎಸ್ ಮೀಟರಿನ ದಾಖಲೆಯೊಂದಿಗೆ ತಾಳೆ ನೋಡಿ ಬರೆದಿದ್ದೇನೆ. ಮೂವರ ನೆನಪು ಒಂದಕ್ಕೊಂದು ಹೊಂದದ ಕಡೆ ಮೀಟರನ್ನೇ ನಂಬಿದ್ದೇನೆ, ಮತ್ತು ಹಾಗೆ ನಂಬಬೇಕಾಗಿ ಬಂದದ್ದು ಹೆಚ್ಚಾಗಿ ಮಧ್ಯಾಹ್ನದ ಗಂಟೆಗಳ ವಿಷಯದಲ್ಲಿ.

ಮೂವರಲ್ಲಿ ಹಿರಿಯರಿಗೆ ವಯಸ್ಸು ಐವತ್ತರ ಹತ್ತಿರ, 600 ಕಿ.ಮೀ.ವರೆಗಿನ ಸವಾರಿ ಮುಗಿಸಿದ ಅನುಭವ ಅವರಿಗಿತ್ತು. ಎರಡನೆಯವರು ಸರ್ಕಾರಿ ಕಚೇರಿಯ ನೌಕರರು, 200 ಕಿ.ಮೀ. ಅವರಿಗೆ ಹೊಸದಲ್ಲ. ಮೂರನೆಯವನು ಇಪ್ಪತ್ತೈದರೊಳಗಿನ ಯುವಕ. ಮೂವರಲ್ಲಿ ಕಾಲಿನ ಕಸುವು ಹೆಚ್ಚಿದ್ದದ್ದು ಅವನಿಗೇ, ಆದರೆ ಅವನ ಅತಿ ದೂರದ ಸವಾರಿ ನಡೆದದ್ದು ಡಿಸೆಂಬರಿನ ಚಳಿಯಲ್ಲಿ. ಇನ್ನು ಮುಂದೆ ಇವರನ್ನು ಹಿರಿಯರು, ನೌಕರರು, ಕಿರಿಯ ಎಂದಷ್ಟೇ ಕರೆಯುತ್ತೇನೆ.

ಅವರು ಹಾಕಿಕೊಂಡ ಗುರಿ 20 ಗಂಟೆಯೊಳಗೆ 300 ಕಿ.ಮೀ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್‌ನ ನಿಯಮದಂತೆ ಲೋಕದೆಲ್ಲೆಡೆ ನಡೆಯುವ ‘ಬ್ರೆವೆ’ ಎಂಬ ದೂರದ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಅವಧಿ ಇರುತ್ತದೆ. ಅದು ಪಂದ್ಯವಲ್ಲ, ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು, ಆದರೆ ದಾರಿಯಲ್ಲಿ ತನ್ನ ಊಟ, ನೀರು, ರಿಪೇರಿಯನ್ನು ಸವಾರ ತಾನೇ ನೋಡಿಕೊಳ್ಳಬೇಕು. ಇವರದು ಅಧಿಕೃತ ಬ್ರೆವೆ ಆಗಿರಲಿಲ್ಲ. ಮುಂದಿನ ಹಂಗಾಮಿನ ತಯಾರಿಗೆಂದು ತಾವೇ ಹಾಕಿಕೊಂಡ ಸವಾರಿಯಾದರೂ ಗಡಿಯಾರದ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದರು.

ದಾರಿ ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ಧಡೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿ ಸಿಂಧನೂರು, ಮುಂದೆ ಮಾನ್ವಿ, ಮಾನ್ವಿಯಿಂದ ರಾಯಚೂರಿನ ಕಡೆಗೆ ಇನ್ನೊಂದಿಷ್ಟು ಹೋಗಿ 150 ಕಿ.ಮೀ. ತುಂಬಿದಲ್ಲಿ ತಿರುಗಿ ಅದೇ ದಾರಿಯಲ್ಲಿ ವಾಪಸು. ಏರಿಳಿತ ಕಡಿಮೆ. ದಿನ ಏಪ್ರಿಲ್ ಕೊನೆಯ ವಾರದ ಒಂದು ಭಾನುವಾರ.

ಯೋಜನೆಯಲ್ಲಿದ್ದ ತೊಡಕು

ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ತಂಪಿನಲ್ಲಿ ಬಹಳಷ್ಟು ದೂರ ಮುಗಿಯುತ್ತದೆ ಎಂಬುದು ಅವರ ಎಣಿಕೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊಲಕ್ಕೆ ಹೋಗುವವರಿಂದ ಹಿಡಿದು ವಾಕಿಂಗ್ ಹೋಗುವವರವರೆಗೆ ಎಲ್ಲರೂ ಮಾಡುವುದು ಇದನ್ನೇ, ಮತ್ತು ನೂರು ಕಿ.ಮೀ. ಸವಾರಿಗೆ ಈ ಎಣಿಕೆ ಸರಿಯಾದದ್ದೇ. ಆದರೆ 300 ಕಿ.ಮೀ. ಸವಾರಿಯಲ್ಲಿ ನಾಲ್ಕಕ್ಕೆ ಹೊರಟವನು ನಡು ಮಧ್ಯಾಹ್ನ ಮನೆಯಿಂದ ಅತಿ ದೂರದ ತುದಿಯಲ್ಲಿರುತ್ತಾನೆ. ಹೊರಡುವ ಹೊತ್ತನ್ನು ಮೂವರೂ ಚರ್ಚಿಸಿದ್ದರು. ಹನ್ನೆರಡರಿಂದ ನಾಲ್ಕರವರೆಗೆ ಎಲ್ಲಿರುತ್ತೇವೆ ಎಂಬುದನ್ನು ಯಾರೂ ಕೇಳಿಕೊಂಡಿರಲಿಲ್ಲ.

ಇದು ಗೊತ್ತಿಲ್ಲದವರ ತಪ್ಪಲ್ಲ ಎಂಬುದನ್ನು ಗಮನಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುವ ಪದ್ಧತಿ ಇದೆ. ನಮ್ಮ ನೌಕರರು ಅದೇ ವೇಳೆಗೆ ಕಚೇರಿಗೆ ಹೋಗಿ ಬರುತ್ತಿದ್ದವರು. ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸಕ್ಕೇ ಒಂದೂವರೆಯ ಗೆರೆ ಎಳೆದಿರುವಾಗ, ಆ ಗೆರೆ ಭಾನುವಾರದ ಸವಾರಿಗೂ ಸಲ್ಲುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಗಾಳಿಯ ವಿಷಯವೂ ಹಾಗೆಯೇ. ಆ ದಿನ ಪಶ್ಚಿಮದ ಗಾಳಿ ಬೀಸುತ್ತಿತ್ತು. ಸಿಂಧನೂರಿನಿಂದ ಮಾನ್ವಿಯ ಕಡೆ ದಾರಿ ಈಶಾನ್ಯಕ್ಕೆ ತಿರುಗುವುದರಿಂದ ಗಾಳಿ ಬೆನ್ನಿಗೆ ಬಂತು, ವೇಗ ಹೆಚ್ಚಿತು, ಮೂವರಿಗೂ ಹುರುಪು ಬಂತು. ಬೆನ್ನಿಗೆ ಬೀಸುವ ಗಾಳಿಯ ಉಪಕಾರದಲ್ಲಿ ಒಂದು ಮೋಸವಿದೆ. ಸವಾರ ಗಂಟೆಗೆ 28 ಕಿ.ಮೀ. ವೇಗದಲ್ಲಿದ್ದು ಹಿಂದಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಅವನ ಮೈಮೇಲೆ ಹಾಯುವುದು ಬರೀ 8 ಕಿ.ಮೀ. ವೇಗದ ಗಾಳಿ. ಬೆವರು ಆರದೆ ಇಳಿದು ಹೋಗುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಮೈ ಒಳಗೇ ಕಾಯುತ್ತಿರುವಾಗ ಮೀಟರಿನಲ್ಲಿ ಒಳ್ಳೆಯ ಅಂಕಿಗಳು ಕಾಣುತ್ತಿರುತ್ತವೆ.

ನಡೆದದ್ದು

ಸಿಂಧನೂರಿನವರೆಗಿನ ಭಾಗಕ್ಕೆ ಹೇಳುವಂಥದ್ದೇನೂ ಇಲ್ಲ. ಸಿರುಗುಪ್ಪದಲ್ಲಿ ಒಗ್ಗರಣೆ, ಮಿರ್ಚಿ, ಚಹಾ. ಒಂಬತ್ತಕ್ಕೆ ಮೊದಲೇ ಸಿಂಧನೂರು. ಮಾನ್ವಿ ದಾಟಿ ತಿರುಗುವ ಜಾಗ ಮುಟ್ಟಿದಾಗ ಹನ್ನೆರಡು ಗಂಟೆ ಹತ್ತು ನಿಮಿಷ, ಅಂದರೆ ತಾವು ಹಾಕಿಕೊಂಡ ವೇಳಾಪಟ್ಟಿಗಿಂತ ನಲವತ್ತು ನಿಮಿಷ ಮುಂಚೆ. ಕಿರಿಯನ ಮೀಟರು ಆಗ 46 ಡಿಗ್ರಿ ತೋರಿಸುತ್ತಿತ್ತು. ಹ್ಯಾಂಡಲ್ ಮೇಲೆ ನೇರ ಬಿಸಿಲಿಗೆ ಕಾದ ಉಪಕರಣದ ಅಂಕಿ ಅದು. ಹವಾಮಾನ ಇಲಾಖೆ ಉಷ್ಣಾಂಶವನ್ನು ನೆರಳಿನ ಪೆಟ್ಟಿಗೆಯಲ್ಲಿ ಅಳೆಯುತ್ತದೆ. ಆದರೂ ಸವಾರನ ಮೈ ಇರುವುದು ಆ ಉಪಕರಣ ಇರುವ ಕಡೆಯಲ್ಲೇ.

ತಿರುಗಿದ ಕೂಡಲೇ ಗಾಳಿ ಎದುರಾಯಿತು. ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ಮೀರಿದ ಮೇಲೆ ಎದುರುಗಾಳಿ ಮೈಗೆ ಕಾವನ್ನೇ ತಂದು ಹಾಕುತ್ತದೆ. ಬೆವರು ಆರುವುದೊಂದೇ ಆಗ ಉಳಿಯುವ ದಾರಿ, ಮತ್ತು ಅದಕ್ಕೆ ನೀರೂ ಉಪ್ಪೂ ಬೇಕು. ಕಿರಿಯ ನೀರನ್ನು ಧಾರಾಳವಾಗಿ ಕುಡಿಯುತ್ತಿದ್ದ, ಆದರೆ ಕುಡಿದದ್ದೆಲ್ಲ ಬರಿಯ ನೀರು. ಚೀಲದಲ್ಲಿದ್ದ ಓಆರ್‌ಎಸ್ (ನೀರಿಗೆ ಬೆರೆಸುವ ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣಗಳನ್ನು ಅವನು ಒಡೆದಿರಲೇ ಇಲ್ಲ. ಅದು ವಾಂತಿಭೇದಿ ಆದವರಿಗೆ ಕೊಡುವ ಔಷಧವೆಂದು ಅವನು ತಿಳಿದಿದ್ದ. ಹೀಗೆ ತಿಳಿದವರು ನಮ್ಮ ಸವಾರರಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಗಂಟೆಗಟ್ಟಲೆ ಬೆವರು ಹರಿಸುತ್ತ ಬರಿಯ ನೀರನ್ನೇ ತುಂಬಿಕೊಂಡರೆ ರಕ್ತದ ಉಪ್ಪಿನ ಪ್ರಮಾಣ ತೆಳುವಾಗುತ್ತ ಹೋಗುತ್ತದೆ, ಅದು ತಾನೇ ಒಂದು ಅಪಾಯ.

ಹನ್ನೆರಡು ಮೂವತ್ತೈದಕ್ಕೆ ಕಿರಿಯನ ಹಿಂದಿನ ಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ಬಳ್ಳಾರಿ ಜಾಲಿ ಈ ದಾರಿಗಳ ಎರಡೂ ಬದಿಗೆ ಇರುವುದರಿಂದ ಪಂಕ್ಚರ್ ಇಲ್ಲಿ ವಿಶೇಷವಲ್ಲ. ವಿಶೇಷ ಆದದ್ದು ಅದನ್ನು ಸರಿಪಡಿಸಿದ ಜಾಗ. ಅರ್ಧ ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ಬೇವಿನ ಮರಗಳು ಕಾಣುತ್ತಿದ್ದವು. ಸೈಕಲ್ ತಳ್ಳಿಕೊಂಡು ಹೋಗಿದ್ದರೆ ಏಳೆಂಟು ನಿಮಿಷದ ದಾರಿ. ಅದು ದಂಡವೆಂದು ನಿಂತಲ್ಲೇ, ಡಾಂಬರಿನ ಅಂಚಿನಲ್ಲೇ, ಟ್ಯೂಬ್ ಬದಲಿಸಲು ಕುಳಿತರು. ಬದಲಿ ಟ್ಯೂಬೂ ಒಮ್ಮೆ ಕಚ್ಚಿಕೊಂಡು ತೂತಾಯಿತು, ಎರಡನೆಯದನ್ನು ಹಾಕಬೇಕಾಯಿತು, ಪಂಪ್ ಹೊಡೆದವನು ಕಿರಿಯನೇ. ಮೂವತ್ತೈದು ನಿಮಿಷ ಗಾಳಿಯೂ ಇಲ್ಲದೆ ನೆರಳೂ ಇಲ್ಲದೆ ಕಳೆದವು. ಮುಂದಿನ ಎಲ್ಲಕ್ಕೂ ನಾಂದಿ ಇಲ್ಲೇ ಆಯಿತೆಂಬುದು ನನ್ನ ಅಂದಾಜು. ಹಿರಿಯರು ಇದನ್ನು ಒಪ್ಪುವುದಿಲ್ಲ. ಬೆಳಗಿನ ಬೆನ್ನಗಾಳಿಯಲ್ಲೇ ಅವನು ಅಳತೆ ಮೀರಿ ತುಳಿದಿದ್ದನೆಂದು ಅವರು ಹೇಳುತ್ತಾರೆ.

ಒಂದು ಐವತ್ತಕ್ಕೆ ಮತ್ತೆ ಮಾನ್ವಿಗೆ ಬಂದರು. ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಮೂವರೂ ಹತ್ತು ನಿಮಿಷ ಅಂಗಡಿಯೊಂದರ ತಗಡಿನ ಕೆಳಗೆ ನಿಂತು ತಣ್ಣನೆಯ ಸೋಡಾ ಕುಡಿದರು. ಕಿರಿಯ ಮಾತು ಕಡಿಮೆ ಮಾಡಿದ್ದ, ಮೀನಖಂಡ ಹಿಡಿದುಕೊಂಡಿದ್ದವು. ಇಲ್ಲೇ ಕೂಡೋಣವೇ ಎಂದು ನೌಕರರು ಕೇಳಿದ್ದುಂಟು. ಸಿಂಧನೂರಿನಲ್ಲಿ ಗುರುತಿನ ಖಾನಾವಳಿ ಇದೆ, ಫ್ಯಾನಿದೆ, ಅಲ್ಲಿ ಒಂದು ಗಂಟೆ ಮಲಗಬಹುದು ಎಂದು ಹಿರಿಯರು ಹೇಳಿದರು. ಕಿರಿಯನನ್ನು ಕೇಳಿದಾಗ, "ನಂದೇನಿಲ್ರಿ ಸರ್, ನೀವು ಹೆಂಗಂತೀರಿ ಹಂಗ" ಎಂದ. ಇಬ್ಬರು ಹಿರಿಯರ ಮುಂದೆ ನಮ್ಮ ಕಡೆಯ ಹುಡುಗ ಇನ್ನೇನು ಹೇಳಿಯಾನು? ಆ ಉತ್ತರವನ್ನು ಒಪ್ಪಿಗೆ ಎಂದು ಎಣಿಸಲಾಯಿತು. ಸಿಂಧನೂರು ಅಲ್ಲಿಂದ ಇನ್ನೂ ನಲವತ್ತು ಕಿ.ಮೀ.ಗೂ ಹೆಚ್ಚು ದೂರ, ಎದುರುಗಾಳಿ.

ಈಗ ಆ ಹೊತ್ತಿನ ಲೆಕ್ಕವನ್ನು ನೋಡೋಣ. ಅವರು ಮುಗಿಸಿದ್ದು 167 ಕಿ.ಮೀ., ಉಳಿದದ್ದು 133. ಅವಧಿ ಮುಗಿಯುವುದು ರಾತ್ರಿ ಹನ್ನೆರಡಕ್ಕೆ. ಮಾನ್ವಿಯಲ್ಲಿ ಸಂಜೆ ನಾಲ್ಕೂವರೆವರೆಗೆ ಮಲಗಿ ಎದ್ದಿದ್ದರೂ ಏಳೂವರೆ ಗಂಟೆ ಕೈಯಲ್ಲಿರುತ್ತಿತ್ತು. ಗಂಟೆಗೆ ಹದಿನೆಂಟು ಕಿ.ಮೀ.ಗಿಂತ ಕಡಿಮೆ ವೇಗ ಸಾಕಿತ್ತು, ಅದೂ ಇಳಿಬಿಸಿಲು ಮತ್ತು ರಾತ್ರಿಯ ತಂಪಿನಲ್ಲಿ. ಅಂದರೆ ವಿಶ್ರಾಂತಿಗೂ ಗುರಿಗೂ ಜಗಳವೇ ಇರಲಿಲ್ಲ. ಅವರು ಬೆನ್ನಟ್ಟುತ್ತಿದ್ದದ್ದು 20 ಗಂಟೆಯ ಅವಧಿಯನ್ನಲ್ಲ, ಬೆಳಿಗ್ಗೆ ಗಳಿಸಿ ಪಂಕ್ಚರಿನಲ್ಲಿ ಬಹುಪಾಲು ಕಳೆದುಕೊಂಡ ಆ ನಲವತ್ತು ನಿಮಿಷವನ್ನು. ಶಾಲೆಯ ಹುಡುಗರೂ ಮಾಡುವ ಈ ಕಳೆಯುವ ಲೆಕ್ಕವನ್ನು ಮೂವರು ಓದಿದವರಲ್ಲಿ ಯಾರೂ ಮಾಡಲಿಲ್ಲ. ಅದಕ್ಕೆ ಕಾರಣ ಅಲಕ್ಷ್ಯವೆಂದು ನಾನು ಹೇಳಲಾರೆ. ಬಿಸಿಲು ಕಾಲಿಗಿಂತ ಮೊದಲು ಬುದ್ಧಿಯನ್ನು ಹಿಡಿಯುತ್ತದೆ, ಮತ್ತು ಮೂರೂ ತಲೆಗಳು ಅಷ್ಟೇ ಕಾದಿದ್ದರಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವ ಅನುಕೂಲವೂ ಉಳಿದಿರಲಿಲ್ಲ.

ಮಾನ್ವಿ ಬಿಟ್ಟು ಹದಿನೈದು ಕಿ.ಮೀ. ಆಗುವಷ್ಟರಲ್ಲಿ, ಎರಡು ಐವತ್ತರ ಹೊತ್ತಿಗೆ, ಕಿರಿಯನ ಸೈಕಲ್ ರಸ್ತೆಯ ನಡುವಿಗೆ ಹೊಯ್ದಾಡತೊಡಗಿತು. ಅಲ್ಲೊಂದು ಕ್ಯಾಂಪು, ಅಂದರೆ ವಲಸೆ ಬಂದ ರೈತರ ಸಣ್ಣ ಊರು; ಒಂದು ಕಿರಾಣಿ ಅಂಗಡಿ, ಬೇವಿನ ಮರ. ಇಳಿಸಿ ಕೂರಿಸಿದ ಕೂಡಲೇ ವಾಂತಿ ಮಾಡಿಕೊಂಡ. ಹಿರಿಯರು ಒಂದು ಕೆಲಸ ಬಹಳ ಸರಿಯಾಗಿ ಮಾಡಿದರು. ಹೇಗಿದ್ದೀ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಆರಾಮ ಎಂದೇ ಹೇಳುತ್ತಾರೆ. "ತಮ್ಮಾ, ಮುಂಜಾನೆ ನಾವು ಎಲ್ಲಿಂದ ಹೊಂಟ್ವಿ?" ಎಂದು ಕೇಳಿದರು. "ಹೊಸಪೇಟಿ" ಎಂದ. ಮತ್ತೊಮ್ಮೆ ಕೇಳಿದಾಗ ಸಿಟ್ಟಾದ. ಅಷ್ಟು ಸಾಕಾಯಿತು. ದಣಿದವನು ಎಲ್ಲಿಂದ ಹೊರಟನೆಂಬುದನ್ನು ಮರೆಯುವುದಿಲ್ಲ; ಬಿಸಿಲಿನಲ್ಲಿ ಮಾತು ತಪ್ಪಿದರೆ ಅದನ್ನು ಶಾಖಾಘಾತವೆಂದೇ ಹಿಡಿಯಬೇಕು. ಮೈ ಒಣಗಿರಬೇಕೆಂಬ ನಿಯಮವೇನಿಲ್ಲ. ಶ್ರಮದಿಂದ ಬರುವ ಶಾಖಾಘಾತದಲ್ಲಿ ಮೈ ಬೆವತೇ ಇರಬಹುದು, ಕಿರಿಯನ ಮೈಯೂ ಒದ್ದೆಯಾಗಿಯೇ ಇತ್ತು.

ನೌಕರರು 108ಕ್ಕೆ ಕರೆ ಮಾಡುತ್ತ, ದಾರಿಯಲ್ಲಿ ಹೋಗುವ ಯಾವುದಾದರೂ ಗಾಡಿ ನಿಲ್ಲಿಸಿ ಸಾಗಿಸೋಣ ಎಂದರು. ಅಂಗಡಿಯ ತಾಯಿ ತಡೆದರು: "ಮದಲ ಮೈಮ್ಯಾಗ ನೀರು ಹಾಕ್ರಿ, ಆಮ್ಯಾಗ ಗಾಡಿ. ಎಮ್ಮಿಗೆ ಬಿಸಲು ಬಡದ್ರ ನಾವು ಇದನ್ನ ಮಾಡತೀವಿ." ವೈದ್ಯರು ಹೇಳುವುದೂ ಇದನ್ನೇ, ಮೊದಲು ತಂಪು, ಆಮೇಲೆ ಸಾಗಣೆ. ಅಂಗಿ ಬಿಚ್ಚಿ ನೆರಳಿನಲ್ಲಿ ಮಲಗಿಸಿ, ದನಕ್ಕೆ ನೀರಿಡುವ ತೊಟ್ಟಿಯಿಂದ ಕೊಡಗಟ್ಟಲೆ ನೀರು ಸುರಿದು, ಅಂಗಡಿಯ ರಟ್ಟಿನಿಂದ ಗಾಳಿ ಹಾಕಿದರು. ಕುತ್ತಿಗೆ, ಕಂಕುಳಿಗೆ ಸೋಡಾ ಪೆಟ್ಟಿಗೆಯ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರು. ಮಾತು ಸರಿಯಾಗುವವರೆಗೆ ಬಾಯಿಗೆ ಏನನ್ನೂ ಹಾಕಲಿಲ್ಲ; ಎಚ್ಚರ ಪೂರ್ತಿ ಇಲ್ಲದವನಿಗೆ ಕುಡಿಸಿದರೆ ಅದು ಶ್ವಾಸಕ್ಕೆ ಹೋಗಬಹುದು. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಬಳ್ಳಾರಿಯ ಹೆಸರು ಹೇಳುತ್ತಿದ್ದ. ಹಿರಿಯರು ಜೊತೆಗೆ ಹೋದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಸಲೈನ್ ಹಾಕಿ ಮರುದಿನ ಕಳಿಸಿದರು, ತೊಂದರೆ ಉಳಿಯಲಿಲ್ಲ.

ಒಬ್ಬರೇ ಮುಂದುವರಿದದ್ದು

ನೌಕರರು ಆಂಬುಲೆನ್ಸ್ ಹೋದ ಮೇಲೆ ಅದೇ ಬೇವಿನ ಕೆಳಗೆ ಮಲಗಿದರು, ಉಪ್ಪು ಹಾಕಿದ ಮಜ್ಜಿಗೆ ಕುಡಿದರು, ಐದು ಗಂಟೆ ಹತ್ತಕ್ಕೆ ಎದ್ದು ಒಬ್ಬರೇ ಹೊರಟರು. ಹಿರಿಯರಿಗೆ ಫೋನಿನಲ್ಲಿ ತಿಳಿಸಿದರು. ಹಿರಿಯರು ಬೇಡವೆನ್ನಲಿಲ್ಲ, ಹೋಗೆಂದೂ ಹೇಳಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಪಶ್ಚಿಮಕ್ಕೆ ಧೂಳಿನ ಗೋಡೆ ಎದ್ದಿತು. ಕಾದ ನೆಲದ ಮೇಲೆ ಸಂಜೆ ಕಟ್ಟುವ ಮುಂಗಾರು ಪೂರ್ವದ ಗುಡುಗು ಮಳೆ ಈ ತಿಂಗಳಲ್ಲಿ ಸಾಮಾನ್ಯ. ಬಯಲಿನಲ್ಲಿ ಒಬ್ಬನೇ ಸವಾರ ಸಿಡಿಲಿಗೆ ಎದ್ದು ಕಾಣುವ ಗುರುತಾಗುತ್ತಾನೆ, ಒಂಟಿ ಮರದ ಕೆಳಗೆ ನಿಂತರೂ ಅಷ್ಟೇ. ಅವರು ಪೆಟ್ರೋಲ್ ಬಂಕ್ ಒಂದರ ಕೋಣೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಲಿಲ್ಲ. ಈ ಸಂಯಮ ಮೆಚ್ಚತಕ್ಕದ್ದು. ಆದರೆ ಬಂಕಿನಿಂದ ಹೊರಬಿದ್ದ ಮೇಲೆ ರಸ್ತೆ ಕೆಲಸದ ಬಳಸು ದಾರಿಯಲ್ಲಿ ಎರೆಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತಿತು. ಸೈಕಲನ್ನು ಹೆಗಲ ಮೇಲೆ ಹೊತ್ತು ದಾಟಿ, ಜಾಲಿ ಕಡ್ಡಿಯಿಂದ ಮಣ್ಣು ಕೆರೆದರು. ಮಳೆಯಲ್ಲಿ ಫೋನು ಸತ್ತಿತ್ತು. ರಾತ್ರಿ ಸಿರುಗುಪ್ಪದ ಕಡೆ ಡಾಂಬರಿನ ಮೇಲೆ ಒಣಗಹಾಕಿದ್ದ ಭತ್ತಕ್ಕೆ ತಾಡಪತ್ರಿ ಮುಚ್ಚಿ ಅಂಚಿಗೆ ಕಲ್ಲು ಇಟ್ಟಿದ್ದರು. ಒಂದು ಕಲ್ಲಿಗೆ ಮುಂದಿನ ಗಾಲಿ ಹಾರಿತು, ಬೀಳಲಿಲ್ಲ. ಹನ್ನೊಂದು ಐವತ್ತಕ್ಕೆ ಬಳ್ಳಾರಿ.

ಸವಾರರ ಬಳಗದಲ್ಲಿ ಈ ಸವಾರಿ ಇಂದಿಗೂ ನೆನಪಿರುವುದು ಈ ಹನ್ನೊಂದು ಐವತ್ತರಿಂದಾಗಿ. ಅವರು ತಲುಪಿದ್ದರಿಂದ ಹೊರಟದ್ದು ಸರಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಎರಡು ಗಂಟೆ ಮಲಗಿ ಉಪ್ಪು ನೀರು ಕುಡಿದು ಹೊರಟದ್ದು ವಿವೇಕವೇ ಹೌದು. ಸಂಜೆ ಆರರಿಂದ ಮುಂದೆ ಅವರು ಎಲ್ಲಿದ್ದಾರೆಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಆಸ್ಪತ್ರೆಯಲ್ಲಿ ಕುಳಿತ ಹಿರಿಯರು ಆ ರಾತ್ರಿ ಇಬ್ಬರ ಚಿಂತೆ ಮಾಡಬೇಕಾಯಿತು. ಇದೇ ಪ್ರಕರಣದಲ್ಲಿ ಮಾನ್ವಿಯ ನಿರ್ಧಾರ ಒಳ್ಳೆಯ ಉದ್ದೇಶದಿಂದ ಹುಟ್ಟಿ ಕೆಟ್ಟದಾಗಿ ಮುಗಿಯಿತು, ಸಂಜೆಯ ನಿರ್ಧಾರ ಅದೃಷ್ಟದ ನೆರವಿನಿಂದ ದಡ ಸೇರಿತು. ಕಲಿಯುವವರು ಎರಡನ್ನೂ ಅವುಗಳ ಫಲದಿಂದ ಅಳೆಯಬಾರದು.

ಮರುವರ್ಷದ ಪ್ರಯತ್ನ

ಮುಂದಿನ ವರ್ಷ ಅದೇ ಮೂವರು, ಅದೇ ದಾರಿ, ಏಪ್ರಿಲ್ ಕೊನೆಯ ವಾರವೇ. ಈ ಸಲ ಯೋಜನೆಯನ್ನು ಮಧ್ಯಾಹ್ನದಿಂದ ಹಿಂದಕ್ಕೆ ಹೆಣೆದರು. ಹನ್ನೊಂದರಿಂದ ನಾಲ್ಕರವರೆಗೆ ಗಾಲಿ ತಿರುಗಕೂಡದು ಎಂಬುದನ್ನು ಮೊದಲು ಬರೆದುಕೊಂಡಾಗ, ಹೊರಡುವ ಹೊತ್ತು ತಾನಾಗಿ ಸಂಜೆ ಆರಕ್ಕೆ ಬಂತು. ರಿಪೇರಿ ನೆರಳಿನಲ್ಲೇ, ಎಷ್ಟೇ ದೂರ ತಳ್ಳಬೇಕಾದರೂ. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಯಾವಾಗಲೂ ಓಆರ್‌ಎಸ್, ಒಂದು ಲೀಟರಿನ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೂವರಲ್ಲಿ ಯಾರು ನಿಲ್ಲೋಣ ಎಂದರೂ ನಿಲ್ಲಬೇಕು, ಕಾರಣ ಕೇಳುವಂತಿಲ್ಲ, ಮತ್ತು ನಿಲ್ಲುವ ಮಾತು ಬಂದಾಗ ಮೊದಲು ಬಾಯಿ ಬಿಡಬೇಕಾದವನು ಕಿರಿಯ. ಈ ಕೊನೆಯದನ್ನು ಸೂಚಿಸಿದವರು ಹಿರಿಯರೇ. ತಾವು ಮೊದಲು ಮಾತಾಡಿದರೆ ಹುಡುಗನ ಮಾತು ಎಂದಿಗೂ ಹೊರಬರುವುದಿಲ್ಲವೆಂದು ಅವರು ಕಂಡುಕೊಂಡಿದ್ದರು.

ಈ ಸಲ ಹೊಸ ತೊಡಕುಗಳು ಎದುರಾದವು. ಬೇಸಿಗೆ ಭತ್ತದ ಕಟಾವಿನ ದಿನಗಳಾದ್ದರಿಂದ ಹಿಂದೀಪವಿಲ್ಲದ ಕಟಾವು ಯಂತ್ರಗಳೂ ಟ್ರ್ಯಾಲಿಗಳೂ ರಾತ್ರಿಯಿಡೀ ರಸ್ತೆಯ ಮೇಲಿದ್ದವು. ಮೂರೂವರೆಯ ಹೊತ್ತಿಗೆ ನೌಕರರು ತೂಕಡಿಸಿ ಅಂಚಿಗೆ ಇಳಿದರು. ಕಿರಿಯ ನಿಲ್ಲೋಣ ಎಂದ, ಸಿಂಧನೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಪ್ಪತ್ತು ನಿಮಿಷ ಮಲಗಿದರು. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮೂವರೂ ಬಳ್ಳಾರಿ ಮುಟ್ಟಿದರು, ಅವಧಿಗೆ ಇನ್ನೂ ನಾಲ್ಕು ಗಂಟೆಗೂ ಹೆಚ್ಚು ಬಾಕಿ ಇತ್ತು.

ರಸ್ತೆಯ ಮೇಲಿನ ಭತ್ತದ ಕಲ್ಲುಗಳಿಗೆ ಅವರ ಬಳಿ ಇನ್ನೂ ಉತ್ತರವಿಲ್ಲ. ಮುಂದಿನ ಸಲ ನೀರಾವರಿ ಸೀಮೆಯನ್ನೇ ಬಿಟ್ಟು ಹೊಸಪೇಟೆಯಿಂದ ಕುಷ್ಟಗಿಯ ಕಡೆಗಿನ ನಾಲ್ಕು ಪಥದ ಹೆದ್ದಾರಿಯಲ್ಲಿ ರಾತ್ರಿ ಸವಾರಿ ಮಾಡೋಣವೆಂಬುದು ಹಿರಿಯರ ಅಭಿಪ್ರಾಯ. ಅಲ್ಲಿ ಅಂಚು ಅಗಲವಾಗಿದೆ, ಭತ್ತ ಒಣಗಿಸುವವರಿಲ್ಲ. ಕಿರಿಯ ಒಪ್ಪಿಲ್ಲ. ಆ ದಾರಿಯ ಲಾರಿಗಳಿಗಿಂತ ಕಲ್ಲುಗಳೇ ವಾಸಿ ಎನ್ನುತ್ತಾನೆ, ಮತ್ತು ತಾವೇ ಬರೆದ ನಿಯಮದಂತೆ ಈಗ ಅವನಿಂದ ಕಾರಣ ಕೇಳುವಂತಿಲ್ಲ.